ತಾಕೊಯಾಕಿ ಗೆನ್ಜೋ ಮಂದ್ರಕ್ಕೆ ಇಳಿದದ್ದು

ಕುವಾಬಾತಾ ಗೆನ್ಜೋ ನನ್ನ ಕ್ಷೌರದಂಗಡಿಗೆ ಬಂದು ಕುರ್ಚಿಯಲ್ಲಿ ಕೂತನೆಂದರೆ, ಮೊದಲು ಎರಡೂ ಕಿವಿಯಿಂದ ಇಯರ್‌ಫೋನ್ ತೆಗೆದು, ಒರೆಸಿ, ಜೇಬಿನಲ್ಲಿದ್ದ ಪುಟ್ಟ ಡಬ್ಬಿಗೆ ಹಾಕಿಕೊಳ್ಳುತ್ತಿದ್ದ. ಆಮೇಲೆ, "ಕಿವಿ ಹತ್ರ ಹುಷಾರು ಮಾರಾಯ, ನನ್ನ ಆಸ್ತಿಯೆಲ್ಲ ಅಲ್ಲೇ ಇರೋದು" ಅನ್ನುತ್ತಿದ್ದ. ಪ್ರತಿ ಸಲವೂ ಅದೇ ಮಾತು. ಪ್ರತಿ ಸಲವೂ ನಾನು ನಗಬೇಕು, ಇಲ್ಲದಿದ್ದರೆ ಕತ್ತು ನೆಟ್ಟಗೆ ಹಿಡಿಯುತ್ತಿರಲಿಲ್ಲ.

ಒಸಾಕಾದ ನಿಪ್ಪೋನ್‌ಬಾಶಿಯ ಹಿಂದಿನ ಓಣಿಯಲ್ಲಿ ಅವನ ಅಂಗಡಿಗೂ ನನ್ನದಕ್ಕೂ ನಡುವೆ ಒಂದೇ ಗೋಡೆ. ಆ ಕಡೆ ಅವನೂ ಅವನ ಹೆಂಡತಿ ತೊಮಿಯೆಯೂ ಗುಳಿಗಳಿರುವ ಕಾವಲಿಯ ಮುಂದೆ ನಿಂತು, ಆಕ್ಟೋಪಸ್ ಚೂರು ಹಾಕಿದ ಹಿಟ್ಟಿನ ಉಂಡೆಗಳನ್ನು ಕಡ್ಡಿಯಿಂದ ತಿರುವಿ ತಿರುವಿ ಬೇಯಿಸುತ್ತಿದ್ದರು. ಆ ಉಂಡೆಯ ಹೆಸರೇ ತಾಕೊಯಾಕಿ; ತಾಕೊಯಾಕಿ ಗೆನ್ಜೋ ಅಂದರೆ ಇಡೀ ಬೀದಿಗೆ ಗೊತ್ತು. ತಲೆಯ ಮೇಲೇ ಹೊಗೆ ಎಳೆಯುವ ಫ್ಯಾನು ದಿನವಿಡೀ ಗೊರಗೊರ ಅನ್ನುತ್ತಿತ್ತು. ಆ ಸದ್ದಿನಲ್ಲಿ ವಯಸ್ಸು ಕಳೆದವನಿಗೆ ಸದ್ದಿನ ಮೇಲೇ ಇಷ್ಟೊಂದು ಹುಚ್ಚು ಹೇಗೆ ಹಿಡಿಯಿತೋ ನಾನರಿಯೆ.

ಮಂಗಳವಾರ ಅವನ ಅಂಗಡಿಗೆ ರಜೆ. ಬೆಳಿಗ್ಗೆ ತಿಂಡಿಯಾದ ಮೇಲೆ ದೊಡ್ಡ ಬೀದಿಗೆ ಹೋಗಿ, ಇಯರ್‌ಫೋನ್‌ಗಳನ್ನಷ್ಟೇ ಮಾರುವ ಅಂಗಡಿಯೊಂದರ ಮಹಡಿ ಹತ್ತಿಬಿಡುತ್ತಿದ್ದ. ಅಲ್ಲಿ ಉದ್ದನೆಯ ಮೇಜುಗಳ ಮೇಲೆ ನೂರಾರು ಜೊತೆ ಸಾಲಾಗಿ ತೂಗುಬಿದ್ದಿರುತ್ತವೆ. ನಮ್ಮ ಪ್ಲೇಯರನ್ನು ನಾವೇ ಒಯ್ದು, ಬೇಕಾದ್ದಕ್ಕೆ ಸಿಕ್ಕಿಸಿ, ಸಾಕೆನಿಸುವವರೆಗೆ ಕೇಳಬಹುದು. ಕೊಳ್ಳಲೇಬೇಕೆಂದೇನಿಲ್ಲ. ಅಲ್ಲಿನ ಕೆಲಸಗಾರ ಮಿಯಾಕೆ, ನಲವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ಯಾರನ್ನೂ ಎಬ್ಬಿಸಿ ಕಳಿಸುತ್ತಿರಲಿಲ್ಲ.

ಗೆನ್ಜೋಗೆ ಬೇಕಾದ್ದು ತಾರ, ಮೇಲಿನ ಸ್ವರ. ತೆಳ್ಳಗೆ, ಚೂಪಾಗಿ, ಮಿಂಚುವಂಥದ್ದು. ಜಾಝ್ ಹಾಕಿಕೊಂಡರೆ ಡ್ರಮ್ಮಿನ ಪಕ್ಕದ ಕಂಚಿನ ತಟ್ಟೆಗೆ ಕಡ್ಡಿ ತಾಗಿ ಆ ನಾದ ಕರಗಿಹೋಗುವ ಕೊನೆಯ ಎಳೆಯವರೆಗೂ ಅವನಿಗೆ ಕೇಳಬೇಕು. ಅದಕ್ಕೆ ಅವನು 'ಬೆಳಕು' ಎಂದು ಹೆಸರಿಟ್ಟಿದ್ದ. ಮಂದ್ರ ಹೆಚ್ಚಿರುವ ಇಯರ್‌ಫೋನ್‌ಗೆ ಅವನಿಟ್ಟ ಹೆಸರು 'ಕೆಸರು'.

ಆ ಕೆಸರಿನ ಅಭಿಮಾನಿಯೊಬ್ಬಳು ಅದೇ ಮೇಜಿನ ಆ ತುದಿಯಲ್ಲಿ ಕೂರುತ್ತಿದ್ದಳು. ನೊಗಾಮಿ ಫುಸಾಯೆ. ಇಜುಮಿಸಾನೊ ಕಡೆಯ ಟವೆಲ್ ಮಿಲ್ಲಿನಲ್ಲಿ ಮಗ್ಗ ನಡೆಸಿ ನಿವೃತ್ತಳಾದವಳು. ಗಿಡ್ಡ ಆಳು, ಗಟ್ಟಿ ಗಂಟಲು. ಪ್ರತಿ ಮಂಗಳವಾರ ರೈಲು ಹತ್ತಿ ಬರುತ್ತಿದ್ದಳು. ಅವಳ ಇಯರ್‌ಫೋನು ಅವರೆಕಾಳಿನಷ್ಟು ದಪ್ಪ.

ಇಬ್ಬರ ಜಗಳ ನೋಡಲೆಂದೇ ನಾನೂ ಒಮ್ಮೊಮ್ಮೆ ಅಂಗಡಿ ಮುಚ್ಚಿ ಹೋಗುತ್ತಿದ್ದೆ.

"ಏನ್ರೀ ಗೆನ್ ಸಾನ್, ಇವತ್ತೂ ಸೊಳ್ಳೆ ಹಾಡು ಕೇಳ್ತಿದ್ದೀರಾ?" ಎಂದು ಫುಸಾಯೆ, ಗೌರವದ 'ಸಾನ್' ಹಚ್ಚಿಯೇ, ಶುರುಮಾಡುತ್ತಿದ್ದಳು.

"ನಿಮ್ಮದು ಎಮ್ಮೆ ಕೆಸರಲ್ಲಿ ಹೊರಳ್ತಾ ಇದೆಯಲ್ಲ, ಅದಕ್ಕಿಂತ ವಾಸಿ."

"ಸಂಗೀತ ಹೊಟ್ಟೆಗೆ ಕೇಳಿಸ್ಬೇಕು ಕಣ್ರೀ. ನಿಮಗೆ ಕೂದಲ ತುದೀಲಿ ಕೇಳಿದ್ರೆ ಸಾಕು. ಅದೂ ಉದುರೋಗಿದೆ."

"ಸೊಯೆದಾ, ನೋಡೋ, ನಿನ್ನ ಕಸುಬಿಗೇ ಬಂದ್ಲು!" ಎಂದು ಗೆನ್ಜೋ ನನ್ನನ್ನು ಎಳೆಯುತ್ತಿದ್ದ. ಮಿಯಾಕೆ ಮುಖ ತಿರುಗಿಸಿ ನಗುತ್ತಿದ್ದ.

ಹೀಗೇ ವರ್ಷಗಳು ಹೋದವು. ಆಮೇಲೆ ಗೆನ್ಜೋ ತಯಾರಕರನ್ನು ಬೈಯಲು ಶುರುಮಾಡಿದ. ಈಗೀಗ ಬರುವ ಇಯರ್‌ಫೋನ್‌ಗಳಲ್ಲಿ ಬೆಳಕೇ ಇಲ್ಲವಂತೆ. ಎಲ್ಲದಕ್ಕೂ ಕಂಬಳಿ ಹೊದಿಸಿದ್ದಾರಂತೆ. ಹಳೆಯದೂ ಹಾಳಾಗಿದೆಯಂತೆ. ಒಂದನ್ನು ಮಾರಿ ಇನ್ನೊಂದು ತಂದ, ಅದನ್ನು ಮಾರಿ ಮತ್ತೊಂದು. ಪ್ಲೇಯರಿನಲ್ಲಿ ತಾರವನ್ನು ಏರಿಸುವಷ್ಟೂ ಏರಿಸಿಟ್ಟ. ಒಂದು ದಿನ ತೊಮಿಯೆ, ಅದೇನಿದೆ ನೋಡೋಣ ಎಂದು ಕಿವಿಗಿಟ್ಟುಕೊಂಡವಳು, "ಅಯ್ಯಯ್ಯೋ!" ಎಂದು ಕಿತ್ತು ಹಿಟ್ಟಿನ ಬೋಗುಣಿಗೆ ಬೀಳಿಸಿದಳು.

"ರೀ, ಸೂಜಿ ಚುಚ್ಚಿದ ಹಾಗಾಯ್ತು! ಇದನ್ನ ಹೇಗೆ ಕೇಳ್ತೀರಿ?"

"ನಿನಗೆ ಅಭ್ಯಾಸ ಇಲ್ಲ" ಎಂದು ಗೆನ್ಜೋ ಅದನ್ನು ಹಿಟ್ಟಿನಿಂದೆತ್ತಿ ಒರೆಸಿಕೊಂಡ.

ಆ ವಸಂತದಲ್ಲಿ ಮಿಯಾಕೆಯ ಅಂಗಡಿಯವರು ಒಂದು ಕೂಟ ಏರ್ಪಡಿಸಿದರು. ಯಾರು ಬೇಕಾದರೂ ತಮ್ಮ ಪ್ಲೇಯರು, ತಮ್ಮ ಇಯರ್‌ಫೋನು ತಂದು ಮೇಜಿನ ಮೇಲಿಡಬಹುದು. ಬಂದವರು ಒಬ್ಬರದನ್ನೊಬ್ಬರು ಕೇಳಿ ನೋಡಬಹುದು. ಗೆನ್ಜೋ ಹೊಸ ಅಂಗಿ ತೊಟ್ಟು, ಚೌಕುಳಿ ಬಟ್ಟೆ ಹಾಸಿ, ಅದರ ಮೇಲೆ ತನ್ನ ಜೋಡಿಯನ್ನಿಟ್ಟು, ಮದುವೆ ಮನೆಯ ಯಜಮಾನನ ಹಾಗೆ ನಿಂತ. ನಾನು ಅವನ ಪಕ್ಕದಲ್ಲಿದ್ದೆ.

ಮೊದಲು ಬಂದ ಕಾಲೇಜು ಹುಡುಗಿ ಕಿವಿಗಿಟ್ಟವಳೇ ಕಣ್ಣು ಮುಚ್ಚಿ ತೆಗೆದುಬಿಟ್ಟಳು. ಎರಡನೆಯವನು ಬ್ಯಾಂಕಿನವನಿರಬೇಕು, ಸಭ್ಯ ಮನುಷ್ಯ. "ತುಂಬ... ಚುರುಕಾಗಿದೆ" ಎಂದು ಬಾಗಿ ವಂದಿಸಿ, ಕಿವಿ ಉಜ್ಜಿಕೊಳ್ಳುತ್ತ ಹೋದ. ಮೂರನೆಯವರು ಗಂಡಹೆಂಡತಿ. ಹೆಂಡತಿಯ ಮುಖ ನೋಡಿ ಗಂಡ ಕೇಳುವ ಗೋಜಿಗೇ ಹೋಗಲಿಲ್ಲ. ಗೆನ್ಜೋನ ಮುಖ ಕೆಂಪೇರಿತು. "ಕೆಸರಲ್ಲೇ ಬಿದ್ದಿರೋರು, ಬೆಳಕು ಕಂಡ್ರೆ ಕಣ್ಣು ಕುಕ್ಕತ್ತೆ" ಎಂದು ನನ್ನ ಕಿವಿಯಲ್ಲಿ ಗೊಣಗಿದ.

ಆಗ ಫುಸಾಯೆ ಬಂದಳು. ಗೆನ್ಜೋ ಸೊಂಟಕ್ಕೆ ಕೈಯಿಟ್ಟು ಜಗಳಕ್ಕೆ ಸಿದ್ಧನಾದ. ಅವಳು ಇಯರ್‌ಫೋನ್ ಹಾಕಿಕೊಂಡು ಹಾಡು ಹಾಕಿದಳು. ಹಾರಲಿಲ್ಲ, ಮುಖ ಕಿವುಚಲಿಲ್ಲ. ಇಡೀ ಹಾಡನ್ನು ಕೇಳಿದಳು. ಮುಗಿದ ಮೇಲೆ ಮೆಲ್ಲಗೆ ತೆಗೆದು ಬಟ್ಟೆಯ ಮೇಲಿಟ್ಟಳು.

"ಚೆನ್ನಾಗಿದೆ" ಅಂದಳು. ಅಷ್ಟೇ ಹೇಳಿ ಚಹಾ ಇಟ್ಟಿದ್ದ ಕಡೆಗೆ ಹೋಗಿಬಿಟ್ಟಳು.

ಆ ಸಂಜೆ ಗೆನ್ಜೋ ನನ್ನ ಅಂಗಡಿಗೆ ಬಂದು ಕುರ್ಚಿಯಲ್ಲಿ ಕುಸಿದ. ಕೂದಲು ಕತ್ತರಿಸಿ ಇನ್ನೂ ವಾರವಾಗಿರಲಿಲ್ಲ.

"ಫುಸಾಯೆ ಚೆನ್ನಾಗಿದೆ ಅಂದ್ಲು ಕಣೋ."

"ಅದಕ್ಯಾಕೆ ಹೀಗೆ ಕೂತಿದ್ದೀಯ? ಗೆದ್ದೆಯಲ್ಲ."

"ಗೆದ್ದಿಲ್ಲ. ಅವಳು ಬೈದಿದ್ರೆ ಸರಿಯಿತ್ತು. ನನಗೇನೋ ಆಗಿದೆ ಸೊಯೆದಾ."

ಗೋಡೆಯಾಚೆ ಇದ್ದ ತೊಮಿಯೆಗೆ ಅದು ಕೇಳಿಸಿರಬೇಕು. ಮುಂದಿನ ಮಂಗಳವಾರ ಅವನ ತೋಳು ಹಿಡಿದು ಕಿವಿಯ ಡಾಕ್ಟರ ಬಳಿಗೆ ಕರೆದೊಯ್ದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಅಂದರಂತೆ. ಒತ್ತುತ್ತಿದ್ದ ಗೆನ್ಜೋ ಸ್ವಲ್ಪ ಹೊತ್ತಿಗೆ ಸುಮ್ಮನೆ ಕೂತ. ಮುಗಿಯಿತೇನೋ ಎಂದುಕೊಂಡಿದ್ದ. ಗಾಜಿನಾಚೆ ಡಾಕ್ಟರು ಇನ್ನೂ ಸದ್ದು ಕೊಡುತ್ತಲೇ ಇದ್ದರು. ವಯಸ್ಸು, ಜೊತೆಗೆ ಆ ಫ್ಯಾನು. ಮೇಲಿನ ಸ್ವರಗಳು ಹೋಗಿವೆ, ಮಾತುಕತೆಗೇನೂ ತೊಂದರೆಯಿಲ್ಲ, ಔಷಧಿ ಅಂತ ಏನೂ ಇಲ್ಲ ಎಂದರು.

ತಯಾರಕರು ಬೆಳಕು ಕದ್ದಿರಲಿಲ್ಲ ಎಂದು ಗೆನ್ಜೋಗೆ ಆಗ ಗೊತ್ತಾಯಿತು. ಇಯರ್‌ಫೋನಿನ ಡಬ್ಬಿಯನ್ನು ಮೂಲಂಗಿ ಉಪ್ಪಿನಕಾಯಿ ಇಡುವ ಕಪಾಟಿಗೆ ತಳ್ಳಿದ. ಗಿರಾಕಿ ಕರೆಯುವ ಅವನ ಕೂಗು ತಗ್ಗಿತು. ತಿರುವಬೇಕಾದ ಉಂಡೆಗಳು ಒಂದು ಕಡೆ ಸೀದುಹೋಗುತ್ತಿದ್ದವು. "ಗಂಡ ಸುಮ್ಮನಿದ್ರೆ ಸಾಕು ದೇವ್ರೇ ಅಂತ ಎಷ್ಟು ವರ್ಷ ಬೇಡಿದ್ನೋ, ಈಗ ಬೇಡವೇ ಬೇಡ ಅನ್ನಿಸಿದೆ" ಎಂದು ತೊಮಿಯೆ ನನ್ನ ಬಳಿ ಹೇಳಿಕೊಂಡಳು. ಮಂಗಳವಾರ ಬಂದರೂ ಅವನು ಮನೆ ಬಿಡಲಿಲ್ಲ.

ಅವನು ಹೋಗದಿದ್ದರೆ ಏನು, ಒಂದು ಬುಧವಾರ ಫುಸಾಯೆಯೇ ಬಂದಳು. ಮಧ್ಯಾಹ್ನ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತು ಒಂದು ತಟ್ಟೆ ತಾಕೊಯಾಕಿ ತರಿಸಿಕೊಂಡು, ಬಾಯಿ ಸುಟ್ಟುಕೊಂಡು, ಊದಿ ಊದಿ ಪೂರ್ತಿ ತಿಂದಳು. ನಾನು ನನ್ನ ಬಾಗಿಲಲ್ಲೇ ನಿಂತಿದ್ದೆ.

"ಸೀದಿದೆ ಗೆನ್ ಸಾನ್. ಜಗಳಕ್ಕೆ ಜನ ಇಲ್ದೆ ನನಗೂ ಊಟ ಸೇರ್ತಿಲ್ಲ. ಎಷ್ಟು ದಿನ ಹೀಗೆ ಮುಖ ಊದಿಸ್ಕೊಂಡಿರ್ತೀರಿ?"

"ನಿಮಗೆ ಅವತ್ತೇ ಗೊತ್ತಾಗಿತ್ತು, ಅಲ್ವಾ?" ಎಂದು ಗೆನ್ಜೋ ತಲೆಯೆತ್ತದೆ ಕೇಳಿದ.

"ಗೊತ್ತಾಯ್ತು."

"ಹೇಗೆ?"

"ಎಲ್ರೂ ಹಾರಿ ಬೀಳ್ತಿದ್ರಲ್ಲ, ನನಗೊಬ್ಬಳಿಗೇ ಅದು ಸರಿಯಾಗಿ ಕೇಳಿಸ್ತು. ಮಿಲ್ಲಲ್ಲಿ ಮಗ್ಗದ ಪಕ್ಕ ನಿಂತು ನಿಂತು ನನ್ನ ಕಿವಿಯ ಮೇಲಿನ ಮಹಡಿ ಎಂದೋ ಖಾಲಿ ಆಗಿದೆ. ಆಗಿನ್ನೂ ನನ್ನ ಕೂದಲು ಕಪ್ಪಗಿತ್ತು. ಮೇಲೆ ಏನೂ ಇಲ್ಲ ಅಂದ್ಮೇಲೆ ಕೆಳಗೆ ಇಳಿದು ನೋಡಿದೆ. ಅಲ್ಲಿ ಎಷ್ಟು ಜನ ಇದ್ದಾರೆ ಗೊತ್ತಾ? ನೀವು ಕೆಸರು ಕೆಸರು ಅಂತಿದ್ರಲ್ಲ, ಅದು."

ಗೆನ್ಜೋನ ಕೈಯಲ್ಲಿದ್ದ ಕಡ್ಡಿ ನಿಂತಿತು. "ಒಂದು ದಿನಾನೂ ಹೇಳ್ಲಿಲ್ವಲ್ರೀ ನೀವು. ನಾನು ಏನೇನೆಲ್ಲ ಅಂದೆ!"

"ಹೇಳಿದ್ರೆ ನೀವು ಅಯ್ಯೋ ಪಾಪ ಅಂತಿದ್ರಿ. ಆಮೇಲೆ ಜಗಳ ಎಲ್ಲಿರ್ತಿತ್ತು?" ಎಂದು ಫುಸಾಯೆ ಕೊರಳಲ್ಲಿ ಇಳಿಬಿಟ್ಟಿದ್ದ ಆ ದಪ್ಪ ಇಯರ್‌ಫೋನ್ ತೆಗೆದು, ಕರವಸ್ತ್ರದಲ್ಲಿ ಒರೆಸಿ, ಸಾಸ್ ಬಾಟಲಿಯ ಪಕ್ಕ ಇಟ್ಟಳು. "ಇದು ನಿಮಗೆ. ನಿಮ್ಮ ಸೂಜಿಗಳನ್ನ ನನಗೆ ಕೊಡಿ. ಅವತ್ತು ಎಷ್ಟೋ ಕಾಲದ ಮೇಲೆ ನನಗೆ ಕಂಚಿನ ತಟ್ಟೆ ಕೇಳಿಸ್ತು ಗೆನ್ ಸಾನ್. ಚಹಾ ಕುಡಿಯೋಕೆ ಹೋಗಿದ್ದಲ್ಲ ನಾನು. ಅಳು ಬಂದಿತ್ತು."

ತೊಮಿಯೆ ಕಪಾಟಿನಿಂದ ಡಬ್ಬಿ ತಂದುಕೊಟ್ಟಳು. ಫುಸಾಯೆ ಅಲ್ಲೇ ಸಿಕ್ಕಿಸಿಕೊಂಡು, ಕೈಬೀಸಿ, ತಲೆ ಆಡಿಸುತ್ತ ರೈಲ್ವೆ ಸ್ಟೇಷನ್ನಿನ ಕಡೆ ನಡೆದಳು. "ಮೂಲಂಗಿ ವಾಸನೆ!" ಎಂದು ತಿರುವಿನಿಂದ ಕೂಗಿದಳು.

ಗೆನ್ಜೋ ಅವಳ ಇಯರ್‌ಫೋನ್ ಹಿಡಿದು ನನ್ನ ಅಂಗಡಿಗೆ ಬಂದ. ಫ್ಯಾನಿನ ಸದ್ದಿಲ್ಲದ ಜಾಗ ಬೇಕಿತ್ತು ಅವನಿಗೆ. ಪಿಯಾನೊ, ಡ್ರಮ್, ಆಳೆತ್ತರದ ಮಂದ್ರದ ತಂತಿವಾದ್ಯ ಬೇಸ್, ಮೂರೇ ಜನ ನುಡಿಸಿದ ಹಳೆಯ ಜಾಝ್ ಒಂದನ್ನು ಹಾಕಿಕೊಂಡ. ಮದುವೆಗೆ ಮುಂಚಿನಿಂದ ಅವನು ಕೇಳುತ್ತಿದ್ದದ್ದು, ನನಗೂ ಬಾಯಿಪಾಠ. ನಾನು ಕತ್ತರಿಗೆ ಎಣ್ಣೆ ಬಿಡುತ್ತಿದ್ದೆ. ಕನ್ನಡಿಯಲ್ಲಿ ಅವನ ಹುಬ್ಬು ಏರಿದ್ದು ಕಂಡಿತು.

"ಇವನ್ಯಾರೋ?" ಅಂದ.

"ಯಾರು?"

"ಕೆಳಗಡೆ ಒಬ್ಬ ನಡೀತಾ ಇದ್ದಾನೆ."

"ಬೇಸ್ ನುಡಿಸೋನಿರಬೇಕು. ಅವನು ಮೊದಲಿಂದ್ಲೂ ಇದ್ನಲ್ಲ."

"ಇದ್ನಾ? ಎಲ್ಲಿದ್ದ? ನೋಡೋ, ಪಿಯಾನೊದವನು ಎಲ್ಲಿಗೆ ಹೋದ್ರೂ ಇವನು ಮೊದಲೇ ಹೋಗಿ ಚಾಪೆ ಹಾಸಿರ್ತಾನೆ! ಇಗೋ, ಈಗ ಮೆಟ್ಟಿಲು ಇಳಿದ. ಅಯ್ಯೋ, ಕಳ್ಳ! ಮತ್ತೆ ಹತ್ತಿದ!" ಗೆನ್ಜೋ ಒಂದು ಕಿವಿಯದನ್ನು ಕಿತ್ತು ನನ್ನ ಕಿವಿಗೆ ತುರುಕಿದ. ಇಬ್ಬರೂ ಮುದುಕರು ಒಂದೇ ತಂತಿಗೆ ಸಿಕ್ಕಿಕೊಂಡು, ಕುರ್ಚಿಯ ಪಕ್ಕ ಕುರ್ಚಿ ಎಳೆದುಕೊಂಡು, ಅವನ ಹಾಡುಗಳನ್ನೆಲ್ಲ ಹೊಸದಾಗಿ ಕೇಳಿದೆವು. ಕ್ಷೌರಕ್ಕೆ ಬಂದ ಒಬ್ಬರು ಬಾಗಿಲಲ್ಲಿ ಇಣುಕಿ ನೋಡಿ ವಾಪಸ್ಸು ಹೋದರು.

ಮುಂದಿನ ಮಂಗಳವಾರ ಅವನು ಮಹಡಿ ಹತ್ತಿ, ಮೇಜಿನ ಕಡೆ ಹೋಗದೆ, ನೇರವಾಗಿ ಮಿಯಾಕೆಯ ಮುಂದೆ ನಿಂತ. "ಆ ದೊಡ್ಡ ಬೇಸ್ ಇರತ್ತಲ್ಲ, ನಿಂತು ನುಡಿಸೋದು, ಅದನ್ನ ಈ ವಯಸ್ಸಲ್ಲಿ ಕಲೀಬಹುದಾ?" ಎಂದು ಕೇಳಿದ. ಮಿಯಾಕೆ ರಜಾದಿನಗಳಲ್ಲಿ ಅದನ್ನೇ ನುಡಿಸುವವನು ಎಂದು ನಮಗಾರಿಗೂ ಗೊತ್ತಿರಲಿಲ್ಲ. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಮನೆಯ ಮೂಲೆಯಲ್ಲಿ ಸುಮ್ಮನೆ ನಿಂತಿದ್ದ, ಸೀಳು ಬೆಸೆದ ಹಳೆಯದೊಂದನ್ನು ಕೊಟ್ಟೇಬಿಟ್ಟ. ಅದನ್ನು ಮೂವರು ಹೊತ್ತು ಓಣಿಯೊಳಗೆ ತಂದೆವು. ಗೆನ್ಜೋನ ಮನೆಯ ಮೆಟ್ಟಿಲಲ್ಲಿ ಅದು ಹಿಡಿಯಲಿಲ್ಲ. ಅಂಗಡಿಯೊಳಗಿಟ್ಟರೆ ಎಣ್ಣೆಹೊಗೆ. "ನನ್ನ ಹಾಸಿಗೆಗೆ ಮಾತ್ರ ತರಬೇಡಿ" ಎಂದಳು ತೊಮಿಯೆ. ಕೊನೆಗೆ ಅದು ನನ್ನ ಅಂಗಡಿಯ ಮೂಲೆ ಸೇರಿತು. ಕಣ್ಣು ಮಂಜಾದ ಗಿರಾಕಿಯೊಬ್ಬರು, "ಅವರು ನನಗಿಂತ ಮೊದಲು ಬಂದಿದ್ದಾರೆ, ಅವರದ್ದೇ ಮೊದಲು ಆಗ್ಲಿ" ಎಂದು ಅದಕ್ಕೆ ಸರದಿ ಬಿಟ್ಟುಕೊಟ್ಟದ್ದೂ ಉಂಟು.

ಆ ದಪ್ಪ ತಂತಿ ಹೊಸಬರ ಬೆರಳಲ್ಲಿ ಬೊಬ್ಬೆ ಎಬ್ಬಿಸುತ್ತದಂತೆ. ಕಾವಲಿಯ ಬಿಸಿಗೆ ಗಟ್ಟಿಯಾದ ಗೆನ್ಜೋನ ಬೆರಳಿಗೆ ಅದು ಏನೂ ಮಾಡಲಿಲ್ಲ. ಮಿಯಾಕೆ ಆ ಬೆರಳುಗಳನ್ನು ಒತ್ತಿ ನೋಡಿ ಹೊಟ್ಟೆಕಿಚ್ಚು ಪಟ್ಟ. ಆದರೆ ಲಯ ಹಿಡಿಯಲು ಗೆನ್ಜೋ ಒದ್ದಾಡಿದ. ಮೊದಮೊದಲು ಅದು ಬೀರು ಎಳೆದಾಡಿದ ಸದ್ದಿನಂತೆ ಇರುತ್ತಿತ್ತು. ಗೋಡೆಯಾಚೆಯಿಂದ ತೊಮಿಯೆ ಕಡ್ಡಿಯಿಂದ ಕಾವಲಿಯ ಅಂಚಿಗೆ ಟಕ್ ಟಕ್ ಎಂದು ತಾಳ ಹಾಕಿಕೊಟ್ಟಳು, ಆಮೇಲೆ ಸರಿಹೋಯಿತು.

ಎರಡು ಬೇಸಿಗೆ ಕಳೆದ ಮೇಲೆ ನಮ್ಮ ಅಂಗಡಿಬೀದಿಯ ಸಂಜೆ ಕಾರ್ಯಕ್ರಮದಲ್ಲಿ ಫುಸಾಯೆ ಹಾಡಿದಳು. ಮಿಯಾಕೆ ಗಿಟಾರ್ ಹಿಡಿದ, ಗೆನ್ಜೋ ಬೇಸ್ ತಬ್ಬಿಕೊಂಡು ನಿಂತ. ಅವನ ತಲೆ ಅದರ ಕುತ್ತಿಗೆಗಿಂತ ಸ್ವಲ್ಪವೇ ಮೇಲಿತ್ತು. ಮುಂದಿನ ಸಾಲಿನಲ್ಲಿ ಕೂತ ನಮಗೆ, ಅವನು ತಂತಿ ಮೀಟಿದಾಗೆಲ್ಲ ಹಲಗೆ ಹೊದಿಸಿದ ನೆಲ ಪಾದದ ಕೆಳಗೆ ಮೆಲ್ಲಗೆ ಅದುರುತ್ತಿತ್ತು. ತೊಮಿಯೆ ಚಪ್ಪಲಿ ಬಿಚ್ಚಿ ಕೂತಳು.

ಹಾಡು ಮುಗಿಯಿತು. ಮಿಯಾಕೆ ಗಿಟಾರ್ ಇಳಿಸಿದ. ಜನ ಚಪ್ಪಾಳೆ ತಟ್ಟಿದರು. ಗೆನ್ಜೋ ಮಾತ್ರ ಕಣ್ಣು ಮುಚ್ಚಿ ನುಡಿಸುತ್ತಲೇ ಇದ್ದ.

ಫುಸಾಯೆ ಮೈಕಿನಲ್ಲೇ ಅಂದಳು: "ಗೆನ್ ಸಾನ್, ಹಾಡು ಮುಗೀತು ಕಣ್ರೀ. ಎಲ್ಲಿಗೆ ಹೊರಟ್ರಿ ಒಬ್ರೇ?"

"ನೀವು ಬರ್ತೀರೋ ಇಲ್ವೋ ಹೇಳಿ" ಎಂದ ಗೆನ್ಜೋ, ಕಣ್ಣು ಬಿಡದೆ.

ಬೀದಿಯೆಲ್ಲ ನಕ್ಕಿತು. ಫುಸಾಯೆ ಸೊಂಟಕ್ಕೆ ಕೈಯಿಟ್ಟು ಒಂದು ಗಳಿಗೆ ಅವನನ್ನು ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು ಅದೇ ಹಾಡನ್ನು ಮೊದಲಿನಿಂದ ಎತ್ತಿಕೊಂಡಳು. ಮಿಯಾಕೆ ಗಡಿಬಿಡಿಯಲ್ಲಿ ಗಿಟಾರ್ ಹುಡುಕಿಕೊಂಡ. ತೊಮಿಯೆ ನನ್ನ ಪಕ್ಕದಲ್ಲಿ ಬರಿಗಾಲನ್ನು ಹಲಗೆಗೆ ಗಟ್ಟಿಯಾಗಿ ಊರಿ, "ಸೊಯೆದಾ ಸಾನ್, ನೀವೂ ಚಪ್ಪಲಿ ಬಿಚ್ಚಿ" ಅಂದಳು. ನಾನು ಬಿಚ್ಚಿದೆ.