ಹಿಂದಿನಿಂದ ಪುಸ್ತಕ ತೆರೆದ ಖಾಲಾ

ಹೋದ ತಿಂಗಳು ಯಾದಗಿರಿಯಿಂದ ಸುರಪುರಕ್ಕೆ ವಾಪಸು ಬರುವಾಗ, ಶಹಾಪುರದಲ್ಲಿ ಹತ್ತಿದ ಹೆಂಗಸೊಬ್ಬರು ನನ್ನ ಮುಂದಿನ ಸೀಟಿನಲ್ಲಿ ಕುಳಿತು, ಸಣ್ಣ ಡಬ್ಬಿಯಿಂದ ಲವಂಗ ತೆಗೆದು ಬಾಯಿಗೆ ಹಾಕಿಕೊಂಡರು. ಬಸ್ಸಿನಲ್ಲಿ ಡೀಸೆಲ್ ಇತ್ತು, ಬೆವರಿತ್ತು, ಯಾರದೋ ಚೀಲದ ಮೆಂತ್ಯ ಸೊಪ್ಪಿತ್ತು. ಅವೆಲ್ಲವನ್ನೂ ದಾಟಿಕೊಂಡು ಆ ಲವಂಗದ ವಾಸನೆ ಸೀದಾ ನನ್ನ ಕಡೆಗೆ ಬಂತು. ಅಲ್ಲಿಯವರೆಗೆ ನಾನು ಈ ಡ್ರೈವರ್ ಇಷ್ಟು ಜೋರಾಗಿ ಯಾಕೆ ಓಡಿಸುತ್ತಿದ್ದಾನೆ ಎಂದು ಚಿಂತಿಸುತ್ತಿದ್ದೆ. ಆ ಚಿಂತೆ ಅಲ್ಲಿಗೇ ನಿಂತಿತು. ನನ್ನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ.

ನಮ್ಮ ಪಕ್ಕದ ಮನೆಯ ಖಾಲಾ ಯಾವಾಗಲೂ ಲವಂಗ ಅಗಿಯುತ್ತಿದ್ದರು. ಖಾಲಾ ಅಂದರೆ ಚಿಕ್ಕಮ್ಮ. ನಮಗೆ ಅವರು ರಕ್ತಸಂಬಂಧವಲ್ಲ, ಆದರೆ ಓಣಿಗೆಲ್ಲ ಅವರು ಖಾಲಾನೇ. ಉರ್ದು ಶಾಲೆಯಲ್ಲಿ ಟೀಚರ್ ಆಗಿ ನಿವೃತ್ತಿಯಾಗಿ, ತಮ್ಮನ ಸಂಸಾರದ ಜೊತೆ ಇದ್ದರು. ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನಾವು ಕೆಮ್ಮಿದರೆ ಅವರಿಗೆ ಕೇಳಿಸುತ್ತಿತ್ತು.

ಆ ಗೋಡೆಯಿಂದಲೇ ಎಲ್ಲ ಶುರುವಾಯಿತು. ನನ್ನ ತಂಗಿಯ ಮಗಳು ಆಗ ಇಲ್ಲಿಯೇ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಳು. ಅವಳು ತನ್ನ ಗೆಳತಿಯರ ಜೊತೆ ಸೇರಿ ಒಂದು ಆಟದ ನಿಯಮಪುಸ್ತಕ ಬರೆದಿದ್ದಳು. ಈ ಆಟಕ್ಕೆ ಪಗಡೆಯ ಹಾಸು ಇಲ್ಲ, ಕಾಯಿ ಇಲ್ಲ. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬರು ಕತೆ ನಡೆಸಬೇಕು. ಉಳಿದವರು ಒಬ್ಬೊಬ್ಬರೂ ಒಂದು ಪಾತ್ರವಾಗಿ, ನಾನು ಗುಡ್ಡ ಹತ್ತುತ್ತೇನೆ, ನಾನು ಬಾಗಿಲು ಒದೆಯುತ್ತೇನೆ ಎಂದು ಹೇಳಬೇಕು. ಹತ್ತಿದರೋ ಜಾರಿದರೋ ಅದನ್ನು ದಾಳ ಹೇಳುತ್ತದೆ. ದಾಳ ಹೇಳಿದ್ದಕ್ಕೆ ಅರ್ಥವೇನೆಂದು ಪುಸ್ತಕ ಹೇಳುತ್ತದೆ. ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಅಫಿಡವಿಟ್ಟು, ಬಾಡಿಗೆ ಕರಾರು. ಆ ಪುಸ್ತಕವನ್ನು ಟೈಪ್ ಮಾಡಿ ಬೈಂಡ್ ಮಾಡಿಸಿದವನು ನಾನೇ. ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಆಟ. ತಂಗಿಯ ಮಗಳೆಂದರೆ ನಮ್ಮಲ್ಲಿ ಸೊಸೆ, ಅವಳೇ ಕತೆ ನಡೆಸುವವಳು. ನಾನು, ನನ್ನ ಹೆಂಡತಿ, ಎದುರು ಮನೆಯ ಮೆಡಿಕಲ್ ಅಂಗಡಿಯವರು ಆಡುವವರು.

ಒಂದು ಭಾನುವಾರ ಮೆಡಿಕಲ್ ಅಂಗಡಿಯವರು ಎದ್ದು ನಿಂತು, "ಬಿಡಬ್ಯಾಡ್ರಿ, ಕೊಲ್ರಿ ಅವನ್ನ!" ಎಂದು ಕೂಗಿದರು. ಸ್ವಲ್ಪ ಹೊತ್ತಿಗೆ ಖಾಲಾ ಬಾಗಿಲಲ್ಲಿ ನಿಂತಿದ್ದರು, ತಲೆಯ ಮೇಲೆ ಸೆರಗು, ಕೈಯಲ್ಲಿ ಬೀಗದ ಗೊಂಚಲು.

"ಯಾರನ್ನ ಕೊಲ್ಲಾಕತ್ತೀರಿ?"

"ರಾಕ್ಷಸನ್ನರಿ ಖಾಲಾ," ಅಂದಳು ಸೊಸೆ.

"ಕೊಲ್ರಿ, ಬ್ಯಾಡಂದವರ್ಯಾರು? ಮೆಲ್ಲಕ ಕೊಲ್ರಿ. ನನ್ನ ನಿದ್ದಿ ಹಾಳಾತು."

ಹಾಗೆ ಹೇಳಿ ಹೋಗಬೇಕಿತ್ತು. ಹೋಗಲಿಲ್ಲ. ರಾಕ್ಷಸ ಎಷ್ಟು ದೊಡ್ಡವನು, ಊಟಕ್ಕೆ ಏನು ತಿನ್ನುತ್ತಾನೆ, ಹೆಂಡತಿ ಮಕ್ಕಳಿದ್ದಾರೋ ಎಂದು ಒಂದೊಂದಾಗಿ ಕೇಳಿದರು. ಮುಂದಿನ ವಾರ ಖಾಲಾ ತಾವೇ ಒಂದು ಕುರ್ಚಿ ತಂದರು.

ವರ್ಷ ಕಳೆಯುವಷ್ಟರಲ್ಲಿ ಸೊಸೆಗೆ ಯಾದಗಿರಿಯ ಕಾಲೇಜಿಗೆ ವರ್ಗವಾಯಿತು. ಕತೆ ನಡೆಸುವ ಕೆಲಸ ನನ್ನ ತಲೆಗೆ ಬಂತು. ನಾನು ಹುಟ್ಟಾ ಚಿಂತೆಯ ಮನುಷ್ಯ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ನೋಡಲು ಅಂಗಡಿಯಿಂದ ಮನೆಗೆ ಬಂದು, ಅಂಗಡಿಗೆ ಬೀಗ ಹಾಕಿದೆನೋ ಇಲ್ಲವೋ ನೋಡಲು ವಾಪಸು ಹೋದವನು. ಗವಿಯ ಬಾಗಿಲಿಗೆ ಬಂದ ತಂಡಕ್ಕೆ ನಾನು, ಒಳಗೆ ಕತ್ತಲೆ ಬಹಳ ಇದೆ, ಹಾವಿದ್ದರೂ ಇರಬಹುದು, ಮೊದಲು ಊಟ ಮುಗಿಸಿಕೊಂಡರೆ ಒಳ್ಳೆಯದು ಎಂದೆ. ಎರಡು ವಾರ ಅವರು ಗವಿಯ ಹೊರಗೇ ಇದ್ದರು.

"ತಮ್ಮಾ," ಅಂದರು ಖಾಲಾ, "ನೀ ಆಟ ನಡಸಾಕತ್ತೀಯೋ, ಮಕ್ಕಳನ್ನ ಸಾಲಿಗಿ ಕಳಸಾಕತ್ತೀಯೋ?"

"ಹಂಗಾದ್ರ ನೀವೇ ನಡಸ್ರಿ ಖಾಲಾ," ಅಂದೆ. ಸಿಟ್ಟಿನಲ್ಲಿ ಅಂದದ್ದು. ಅವರು ಲವಂಗವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿ, "ಪುಸ್ತಕ ಕೊಡು," ಅಂದರು.

ಪುಸ್ತಕ ಕೊಟ್ಟೆ. ಖಾಲಾ ಅದನ್ನು ಹಿಂದಿನಿಂದ ತೆರೆದರು.

ತಪ್ಪು ಅವರದಲ್ಲ. ಓದಿದ್ದು ಉರ್ದು, ಜೀವನವೆಲ್ಲ ಕಲಿಸಿದ್ದು ಉರ್ದು. ಆ ಪುಸ್ತಕಗಳು ಬಲದಿಂದಲೇ ತೆರೆಯುತ್ತವೆ. ನಮ್ಮ ಕೊನೆಯ ಪುಟ ಅವರ ಕೈಗೆ ಮೊದಲ ಪುಟ. ಅಲ್ಲಿದ್ದದ್ದು ನಾನು ಮಾಡಿದ ಪದಸೂಚಿ: ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಅಕ್ಷರದ ಕ್ರಮದಲ್ಲಿ ಕೊಟ್ಟ ಪಟ್ಟಿ.

"ಮೊದಲನೇ ಪುಟದಾಗೇ ಬರೇ ಹೆಸರು, ನಂಬರು. ವೋಟರ್ ಲಿಸ್ಟೇನಿದು?"

ನಾನು ಪುಸ್ತಕ ತಿರುಗಿಸಿ ಕೊಡಲು ಹೋದೆ. ಅವರು ಕೊಡಲಿಲ್ಲ. ಬೇಕಾದದ್ದು ಇಲ್ಲೇ ಹುಡುಕುವುದು ಅಲ್ಲವೇ, ಇಲ್ಲಿಂದಲೇ ಹೋಗೋಣ ಅಂದರು. ಕನ್ನಡ ಅವರು ನಮ್ಮಷ್ಟೇ ಚೆನ್ನಾಗಿ, ನಮಗಿಂತ ಖಾರವಾಗಿ ಮಾತಾಡುತ್ತಿದ್ದರು. ಓದುವುದು ಮಾತ್ರ ಒಂದೊಂದೇ ಅಕ್ಷರ ಕೂಡಿಸಿಕೊಂಡು, ಬೆರಳಿಟ್ಟು. ಇಡೀ ಪುಸ್ತಕದಲ್ಲಿ ಹುಡುಕುತ್ತ ಹೋದರೆ ಒಂದು ನಿಯಮ ಸಿಗುವ ಹೊತ್ತಿಗೆ ಭಾನುವಾರ ಮುಗಿಯುತ್ತದೆ. ಪದಸೂಚಿಯೊಂದೇ ದಾರಿ. ಅದು ಅವರಿಗೆ ಒದಗದಿದ್ದರೆ ಕತೆ ನಡೆಸುವವರಿಲ್ಲ. ಆಟ ಅಲ್ಲಿಗೆ ನಿಂತಂತೆ.

ಒದಗಲಿಲ್ಲ. ಸೊಸೆ ಕನ್ನಡ ಎಂ.ಎ. ಓದಿದವಳು, ಪುಸ್ತಕದಲ್ಲಿ ಯಾರೂ ಬೀಳುತ್ತಿರಲಿಲ್ಲ, ಅವರಿಗೆ 'ಪತನಹಾನಿ' ಆಗುತ್ತಿತ್ತು. ಯಾರೂ ಅಡಗುತ್ತಿರಲಿಲ್ಲ, 'ಗುಪ್ತಚಲನೆ' ಮಾಡುತ್ತಿದ್ದರು. ನಾನು ಅವೇ ಪದಗಳನ್ನು ಹೆಕ್ಕಿ ಸೂಚಿ ಮಾಡಿದ್ದೆ. ಸಾಲದೆಂದು ಜಾಣತನ ಬೇರೆ ತೋರಿಸಿದ್ದೆ. 'ಪೆಟ್ಟು' ಎಂಬಲ್ಲಿ 'ಗಾಯ ನೋಡಿ' ಎಂದು ಹಾಕಿದ್ದೆ. 'ಗಾಯ' ಎಂಬಲ್ಲಿ 'ಪೆಟ್ಟು ನೋಡಿ' ಎಂದು ಹಾಕಿದ್ದೆ. ಖಾಲಾ ಪೆಟ್ಟಿನಿಂದ ಗಾಯಕ್ಕೆ ಹೋದರು, ಗಾಯದಿಂದ ಪೆಟ್ಟಿಗೆ ಬಂದರು, ಮತ್ತೆ ಹೋದರು. ಆಮೇಲೆ ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಈ ಟೇಬಲ್‌ನವ ಆ ಟೇಬಲ್‌ಗಿ ಹೋಗಂತಾನ, ಆ ಟೇಬಲ್‌ನವ ಈ ಟೇಬಲ್‌ಗಿ ಹೋಗಂತಾನ. ಪುಸ್ತಕದ ಹಿಂದ ತಹಸೀಲ್ ಕಚೇರಿ ತೆಗದೀಯಲ್ಲೋ!"

ಮೆಡಿಕಲ್ ಅಂಗಡಿಯವರು ನಗುವುದಕ್ಕೆ ಹೊರಗೆ ಹೋದರು. ಖಾಲಾ ಪುಸ್ತಕ ಮುಚ್ಚಿದರು. ಮುಚ್ಚಿ, ಬಹಳ ಸಹಜವಾಗಿ, "ನನ್ನಿಂದ ಆಗಂಗಿಲ್ಲ ಬಿಡು," ಅಂದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತರು. "ರಿಟೈರ್ ಆದ ಮ್ಯಾಲ ನನಗ ಯಾರೂ ಸವಾಲ್ ಕೇಳಂಗಿಲ್ಲ ತಮ್ಮಾ. ಇಲ್ಲಿ ಬಂದ್ರ ಕೇಳ್ತಿದ್ರಿ." ಸವಾಲ್ ಅಂದರೆ ಅವರ ಭಾಷೆಯಲ್ಲಿ ಪ್ರಶ್ನೆ. ನಮ್ಮ ಅರ್ಥದ ಸವಾಲನ್ನೂ ಸೇರಿಸಿಯೇ ಹೇಳಿದರೋ ಏನೋ…

ಮರುದಿನದಿಂದ ನಾನು ಹೊಸ ಪದಸೂಚಿಗೆ ಕುಳಿತೆ. ಮೊದಲು ಅವರ ಮನೆಗೆ ಹೋಗಿ, ನೀವು ಕತೆ ನಡೆಸುವಾಗ ಏನೇನು ಹುಡುಕಬೇಕಾಗಬಹುದು ಎಂದು ಕೇಳಿದೆ. ಖಾಲಾ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಹೇಳುತ್ತ ಹೋದರು.

"ಬಿದ್ರ ಏನಾಗ್ತದ? ಕತ್ತಲಾಗ ಬಾಣ ಬಿಟ್ರ? ಕುದುರಿ ಬೆದರಿದ್ರ? ರಾಕ್ಷಸ ಮಾತಿಗಿ ಒಪ್ಪಿದ್ರ? ರಾಕ್ಷಸನ ಹೇಣ್ತಿ ನಮ್ಮ ಕಡಿ ಬಂದ್ರ?"

ಆಗ ನನಗೆ ಹೊಳೆಯಿತು. ಆಟದ ನಡುವೆ ಯಾರೂ ಪದ ಹುಡುಕುವುದಿಲ್ಲ. ಏನೋ ಆಗಿರುತ್ತದೆ, ಅಥವಾ ಆಗುವುದರಲ್ಲಿರುತ್ತದೆ, ಅದನ್ನು ಹುಡುಕುತ್ತಾರೆ. ಎಲ್ಲವೂ 'ರೆ' ಎಂದು ಮುಗಿಯುವ ಮಾತುಗಳು. ಬಿದ್ದರೆ, ಮುಳುಗಿದರೆ, ಸಿಕ್ಕಿಬಿದ್ದರೆ. ನನಗೆ ಇದು ಮೊದಲೇ ಹೊಳೆಯಬೇಕಿತ್ತು, ಯಾಕೆಂದರೆ ನಾನು ದಿನ ಕಳೆಯುವುದೇ 'ರೆ'ಗಳಲ್ಲಿ. ಬಸ್ಸು ತಪ್ಪಿದರೆ, ಕರೆಂಟು ಹೋದರೆ, ಎದೆ ಹಿಡಿದುಕೊಂಡರೆ. ಆದರೆ ನಾನು ಬಿದ್ದರೆ ಅಂದರೆ ಹೋಗಬೇಡಿ ಎಂದರ್ಥ. ಖಾಲಾ ಬಿದ್ರ ಅಂದರೆ ನಡೀರಿ, ನೋಡೇಬಿಡೋಣ ಎಂದರ್ಥ.

ಸೊಸೆ ಫೋನಿನಲ್ಲಿ ತಕರಾರು ಎತ್ತಿದಳು. "ಮಾಮಾ, ಪದಸೂಚಿಯೊಳಗ ಯಾರರ 'ಬಿದ್ದರೆ' ಅಂತ ಹಾಕ್ತಾರೇನ್ರಿ? ಓದಿದವರು ನಗ್ತಾರ."

"ನಗಲಿ ಬಿಡವ್ವಾ. ಬೀಳೋರಿಗಿ ಸಿಕ್ರ ಸಾಕು," ಅಂದೆ. ಇಷ್ಟು ಧೈರ್ಯದ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಫೋನ್ ಇಟ್ಟ ಮೇಲೆ ನಿಜವಾಗಿ ನಕ್ಕರೆ ಏನು ಗತಿ ಎಂದು ಸಂಜೆಯವರೆಗೆ ಯೋಚಿಸಿದೆ.

ಕ್ರಮದ್ದು ಇನ್ನೊಂದು ಗೋಳು. ಖಾಲಾಗೆ ಕನ್ನಡ ಅಕ್ಷರ ಗೊತ್ತು, ಸರದಿ ಗೊತ್ತಿಲ್ಲ. 'ಪ ಯಾವುದಾದ ಮ್ಯಾಲ ಬರ್ತದ?' ಎಂದು ಕೇಳಿದರೆ ನಾನೂ ಕ, ಖ, ಗ, ಘ ಎಂದು ಮೊದಲಿನಿಂದ ಹಾಡಿಕೊಂಡೇ ಹೇಳಬೇಕಾಗಿತ್ತು. ಅದಕ್ಕೆ ಪ್ರತಿ ಪುಟದ ಮೇಲೂ ಅಕ್ಷರಮಾಲೆ ಹಾಕಿ, ಆ ಪುಟದ ಅಕ್ಷರ ದಪ್ಪ ಮಾಡಿದೆ. ಆಮೇಲೆ 'ಮೇಲಿಂದ ಬಿದ್ದರೆ' ಸಿಗಲಿಲ್ಲ ಎಂದರು. ಮ ಅಕ್ಷರದ ನಡುವೆ ಇದೆಯಲ್ಲ ಎಂದು ತೋರಿಸಿದೆ. ಅವರು ಹುಡುಕಿದ್ದು 'ಮ್ಯಾಲಿಂದ.' ಅದು ಮ ಅಕ್ಷರದ ಕಟ್ಟಕಡೆಗೆ ಬರುತ್ತದೆ. ಈ ಸೀಮೆಯಲ್ಲಿ ಮೇಲಿಂದ ಯಾರು ಬಿದ್ದಿದ್ದಾರೆ? ನಾವೆಲ್ಲ ಬಿದ್ದದ್ದು ಮ್ಯಾಲಿಂದಲೇ. ಎರಡನ್ನೂ ಹಾಕಿದೆ. ಯಾವುದಕ್ಕೂ 'ನೋಡಿ' ಎಂದು ಬರೆಯದೆ, ಎರಡಕ್ಕೂ ಪುಟದ ಸಂಖ್ಯೆಯನ್ನೇ ಕೊಟ್ಟೆ.

ಖಾಲಾ ಕತೆ ನಡೆಸಿದ ಮೊದಲ ಭಾನುವಾರಕ್ಕೆ ಸೊಸೆ ಯಾದಗಿರಿಯಿಂದ ಬಂದಳು. ಪರೀಕ್ಷೆ ಮಾಡಲೆಂದೇ ಬಂದಿದ್ದಳು ಅನ್ನಿ. ಖಾಲಾ ಪೀಠಿಕೆ ಏನೂ ಹಾಕದೆ ನಮ್ಮನ್ನು ಒಂದು ಮೆಟ್ಟಿಲ ಬಾವಿಯ ದಂಡೆಗೆ ತಂದು ನಿಲ್ಲಿಸಿದರು. ಸೊಸೆಯ ಪಾತ್ರ ಇಳಿಯಹೋಯಿತು, ದಾಳ ಕೆಟ್ಟದ್ದು ಬಿತ್ತು, ಜಾರಿತು.

"ಪತನಹಾನಿ ಎಷ್ಟು ಖಾಲಾ?" ಎಂದಳು, ಬೇಕೆಂದೇ.

ಖಾಲಾ ಪುಸ್ತಕವನ್ನು ಹಿಂದಿನಿಂದ ತೆರೆದರು. ಬೆರಳು ಮೇಲಿನ ಅಕ್ಷರಮಾಲೆಯ ಮೇಲೆ ಓಡಿತು, ಬ ಅಕ್ಷರಕ್ಕೆ ನಿಂತಿತು, ಕೆಳಗಿಳಿಯಿತು. ನಾನು ಆ ಪುಟಸಂಖ್ಯೆಯನ್ನು ಎಷ್ಟೋ ಸಲ ತಾಳೆ ನೋಡಿದ್ದೆ. ಆದರೂ ಚಿಂತೆ ಬಿಡಲಿಲ್ಲ. ಬೈಂಡಿಂಗ್ ಮಾಡುವವನು ಒಂದು ಹಾಳೆ ಹಿಂದುಮುಂದು ಮಾಡಿದ್ದರೆ…? ಮಾಡಿರಲಿಲ್ಲ. ಪುಟ ಸಿಕ್ಕಿತು. ಖಾಲಾ ಓದತೊಡಗಿದರು.

"ಆ… ಳೆ… ತ್ತ… ರಕ್ಕಿಂತ… ಮೇ… ಲಿಂದ… ಬಿದ್ದರೆ…"

ಸೊಸೆ ತಾನೇ ಬರೆದ ನಿಯಮ. ಅದು ಒಂದೊಂದೇ ಅಕ್ಷರವಾಗಿ ಬರುವಾಗ ಅವಳೂ ಮುಂದಕ್ಕೆ ಬಾಗಿದ್ದಳು. ಖಾಲಾ ಓದುವಷ್ಟು ಹೊತ್ತೂ ಅವಳ ಪಾತ್ರ ಬಾವಿಯೊಳಕ್ಕೆ ಬೀಳುತ್ತಲೇ ಇತ್ತು. ಹಾನಿಗೆ ಎಷ್ಟು ದಾಳ ಎಂದು ಬಂದೊಡನೆ ಅವಳು ದಾಳಕ್ಕೆ ಕೈ ಹಾಕಿದಳು.

"ತಡಿ ಬೇಟಿ, ಇನ್ನಾ ಒಂದು ಸಾಲು ಅದ." ಮತ್ತೆ ಬೆರಳು. "ಕೆ… ಳಗೆ… ನೀರಿ… ದ್ದರೆ… ಅರ್ಧ."

"ಅದನ್ನ ನಾನೇ ಬರದು ನಾನೇ ಮರತಿದ್ದೆ," ಎಂದು ಸೊಸೆ ಜೋರಾಗಿ ನಕ್ಕಳು.

"ನೀರದ. ನನ್ನ ಬಾವಿಯಾಗ ಯಾವಾಗಲೂ ನೀರಿರ್ತದ. ಈಗ ಉರುಳಸು."

ಆ ಪಾತ್ರ ಉಳಿಯಿತು, ಕಾಲು ಉಳುಕಿತು. ಸೊಸೆ ಕೊನೆಯ ಬಸ್ಸು ತಪ್ಪಿಸಿಕೊಂಡಳು. ನಾನು ಹೆದರಿದ್ದ ಹಾಗೇ ಆಯಿತು, ಆದರೆ ಯಾರಿಗೂ ಬೇಸರವಾಗಲಿಲ್ಲ.

ಮುಂದೆ ಕೆಲವು ವರ್ಷ ಖಾಲಾ ಆಟ ನಡೆಸಿದರು. ಅವರ ರಾಕ್ಷಸರು ಹೆಂಡಂದಿರಿಗೆ ಹೆದರುತ್ತಿದ್ದರು, ಅವರ ಕಾವಲುಗಾರರು ಚಹಾ ಸಿಕ್ಕರೆ ಬಾಗಿಲು ಬಿಡುತ್ತಿದ್ದರು. ಹೊಸದೊಂದು 'ರೆ' ಹುಟ್ಟಿದಾಗಲೆಲ್ಲ ನಾನು ಸೂಚಿಗೆ ಸೇರಿಸಿ ಆ ಹಾಳೆ ಬದಲಿಸುತ್ತಿದ್ದೆ.

ಆಮೇಲೆ ಅವರಿಗೆ ಕಿಡ್ನಿಯ ತೊಂದರೆಯಾಯಿತು. ಕುರ್ಚಿಯಲ್ಲಿ ಬಹಳ ಹೊತ್ತು ಕೂರಲು ಆಗುತ್ತಿರಲಿಲ್ಲ. ನೋಡಲು ಹೋದಾಗ, ಆಟ ಎಲ್ಲಿಗೆ ಬಂತು ಎಂದು ಕೇಳಿದರು. ನಿಂತಿದೆ ಅಂದೆ.

"ನಿಂತಿಲ್ಲ. ನಾ ಬಿಟ್ಟಾಗ ಕ್ವಾಟಿ ಗ್ವಾಡಿ ಮ್ಯಾಲ ಇದ್ರು. ಇನ್ನಾ ಅಲ್ಲೇ ಕುಂತಾರ, ಪಾಪ. ಕೆಳಗ ಇಳಸು."

ತಂಡವನ್ನು ಕೋಟೆಯ ಗೋಡೆಯಿಂದ ಇಳಿಸುತ್ತೇನೆ ಅಂದೆ. ಹಗ್ಗ ಗಟ್ಟಿ ಇರುತ್ತದೋ ಇಲ್ಲವೋ ಎಂದು ಆಗಲೂ ನನ್ನ ಮನಸ್ಸಿಗೆ ಬಂತು. ಅವರಿಗೆ ಅದು ಗೊತ್ತಾಗಿರಬೇಕು. ಕಣ್ಣು ಮುಚ್ಚಿಕೊಂಡೇ ನಕ್ಕರು. ಆ ಬೇಸಿಗೆ ಮುಗಿಯುವ ಮೊದಲೇ ಹೋದರು.

ಈಗ ಸೊಸೆ ಪುಸ್ತಕದ ಹೊಸ ಮುದ್ರಣ ಮಾಡಿಸುತ್ತಿದ್ದಾಳೆ. 'ಬಿದ್ದರೆ,' 'ಮ್ಯಾಲಿಂದ' ಎಲ್ಲ ಹಾಗೇ ಇವೆ. ತೆಗೆಯಲು ಅವಳೇ ಬಿಡಲಿಲ್ಲ. ಹೊಸದಾಗಿ ನದಿ ಮತ್ತು ದೋಣಿಯ ಒಂದು ಅಧ್ಯಾಯ ಸೇರಿದೆ. ಅದಕ್ಕೆ ಸೂಚಿ ಮಾಡಿ, ಕಳೆದ ಭಾನುವಾರ ಅವಳಿಗೆ ತೋರಿಸಿದೆ. ದೋಣಿ ಮುಗುಚಿದರೆ. ದೋಣಿ ತೂತಾದರೆ. ಹುಟ್ಟು ಕಳೆದರೆ. ಈಜು ಬರದಿದ್ದರೆ. ಮೊಸಳೆ ಬಂದರೆ.

ಅವಳು ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಮಾಮಾ, ಇದನ್ನ ಓದಿದ್ರ ಯಾರೂ ದೋಣಿ ಹತ್ತಂಗಿಲ್ಲ."

ಹೌದು ಅಂದೆ. ಖಾಲಾ ಇದ್ದರೆ ಏನು ಕೇಳುತ್ತಿದ್ದರು ಎಂದಳು. ಯೋಚಿಸಿದೆ. ಅವರ ದನಿ ನೆನಪಿದೆ, ಬೆರಳು ನೆನಪಿದೆ, ಕನ್ನಡಕ ತೆಗೆದು ನನ್ನನ್ನು ನೋಡುವ ರೀತಿ ನೆನಪಿದೆ. ಅವರು ಕೇಳಿದ್ದೆಲ್ಲ ಪುಸ್ತಕದಲ್ಲಿ ಪುಟಸಂಖ್ಯೆ ಸಮೇತ ಇದೆ. ಅವರು ಕೇಳದಿದ್ದದ್ದು ಒಂದೂ ನನಗೆ ಹೊಳೆಯಲಿಲ್ಲ.

"ಗೊತ್ತಾಗವಲ್ದವ್ವಾ," ಅಂದೆ.

ಆ ಅಧ್ಯಾಯದ ಸೂಚಿ ಅಷ್ಟಕ್ಕೇ ನಿಂತಿದೆ.