ಭುಜಂಗಣ್ಣನ ನೂರು ಸೀಟಿನ ವಿಮಾನ

ಮುಂಬಯಿ ಪಕ್ಕದ ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನಲ್ಲಿ ಹೋಟೆಲ್ ನಡೆಸುವ ಭುಜಂಗಣ್ಣನನ್ನು ಕೇಳದೆ ಯಾವ ಕಂಪನಿಯೂ ಹೊಸ ವಿಮಾನ ಕಟ್ಟಬಾರದು. “ಇನ್ನೂರು ಸೀಟಿನದ್ದು ನಮ್ಮ ಮಂಗಳೂರಿಗೆ ತುಂಬುದಿಲ್ಲ, ಎಪ್ಪತ್ತರದ್ದು ಸಾಕಾಗುದಿಲ್ಲ, ನೂರು ಸೀಟಿನ ಜೆಟ್ ಬರಲಿ, ಮತ್ತೆ ನೋಡಿ ಮಾರಾಯ್ರೆ!” ಎಂದು ಗಲ್ಲೆಯಲ್ಲಿ ಹಣ ಎಣಿಸುತ್ತ ಕೂತು ದಿನಕ್ಕೆ ಹತ್ತು ಬಾರಿ ಸಾರುತ್ತಾರೆ. ಬನ್ಸ್ ತಿನ್ನಲು ಬಂದವರು ವರ್ಷಕ್ಕೆ ಎಷ್ಟು ಸಲ ಊರಿಗೆ ಹೋಗುತ್ತಾರೆಂದು ಮೊದಲು ಹೇಳಬೇಕು. ಅದೇ ಅವರ ಮಾರುಕಟ್ಟೆ ಸಮೀಕ್ಷೆ. ನವಿ ಮುಂಬಯಿಯ ಹೊಸ ನಿಲ್ದಾಣದಿಂದ ಬೆಳಿಗ್ಗೆ ಎರಡು, ಸಂಜೆ ಎರಡು ವಿಮಾನಗಳನ್ನು ಅವರು ಆಗಲೇ ಬಿಟ್ಟಾಗಿದೆ, ಚೌತಿಗೆ ಹೆಚ್ಚುವರಿ ಇನ್ನೊಂದು. ಹೆಂಡತಿ ಜಯಲತಾ ಒಳಗಿನಿಂದ, “ಇಡ್ಲಿ ಮುಗಿದಿದೆ, ಅದನ್ನು ಮೊದಲು ನೋಡಿ, ವಿಮಾನ ಆಮೇಲೆ ತುಂಬಿಸುವಿರಂತೆ” ಎಂದರೂ ಕೇಳುವವರಲ್ಲ. ಮೊನ್ನೆ ಎದುರಿನ ಕಾರ್ಖಾನೆಯ ಹಮಾಲ, ಕಲಬುರಗಿಯ ಅಂಬಾರಾಯ ಚಹಾ ಕುಡಿಯುತ್ತ ಕೇಳಿಯೇಬಿಟ್ಟ: “ನೀವು ಎಷ್ಟ್ ಸಲ ವಿಮಾನ ಹತ್ತೀರಿ, ಮಾಲಕ್ರ?” ಭುಜಂಗಣ್ಣ ಗಲ್ಲೆಯ ಪೆಟ್ಟಿಗೆ ಮುಚ್ಚಿದರು. “ಒಮ್ಮೆಯೂ ಇಲ್ಲ. ನನ್ನನ್ನು ಸಾಕಿದ ಅಕ್ಕ ಉಡುಪಿಯ ಆಸ್ಪತ್ರೆಯಲ್ಲಿ ನನ್ನ ಹೆಸರೇ ಹೇಳ್ತಾ ಇದ್ದಳಂತೆ. ಆ ದಿನದ ವಿಮಾನವೆಲ್ಲ ಭರ್ತಿ. ಬಸ್ಸಲ್ಲಿ ಹೋಗಿ ಮುಟ್ಟುವಾಗ ಚಿತೆಯೂ ಆರಿತ್ತು. ನನಗೆ ಬೇಕಾಗಿದ್ದದ್ದು ಒಂದೇ ಒಂದು ಸೀಟು, ಅಂಬಾರಾಯ.”