ಕಾರ್ಡು ಮರೆಯದ ವಿಳಾಸ

ಗೆಳತಿಯ ಅವ್ವ ಕಂಪ್ಲಿಯ ಅಕ್ಕಿ ಮಿಲ್ಲಿನಲ್ಲಿ ಕಪ್ಪು ಕಾಳು ಆರಿಸುತ್ತಿದ್ದರು. ಕಣ್ಣು ಮಂಜಾಗುತ್ತ ಬಂದಿತ್ತು. ಆರಿಸುವ ಯಂತ್ರವನ್ನು ನಾವೇ ಕಟ್ಟೋಣ, ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಅವ್ವನನ್ನು ಕೂರಿಸೋಣ ಎಂದು ಗೆಳತಿ ಹಟ ಹಿಡಿದಳು. ನಾನೂ ಅವಳೂ ಬಳ್ಳಾರಿಯಲ್ಲಿ ಒಟ್ಟಿಗೆ ಎಂಜಿನಿಯರಿಂಗ್ ಓದಿದವರು. ಹೊಸಪೇಟೆಯಲ್ಲಿ ಒಂದು ಕೋಣೆ ಹಿಡಿದೆವು. ಮಿಲ್ಲಿನ ಸಾಹುಕಾರರೂ ಒಪ್ಪಿದರು.

ಬೀಳುವ ಅಕ್ಕಿಯ ಚಿತ್ರವನ್ನು ಕ್ಯಾಮೆರಾ ತೆಗೆಯಬೇಕು, ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಕಪ್ಪು ಕಾಳನ್ನು ಗುರುತಿಸಬೇಕು, ಗಾಳಿ ಊದಿ ಅದನ್ನು ಹಾರಿಸಬೇಕು. ಆದರೆ ನಮ್ಮ ಪ್ರೋಗ್ರಾಮಿನ ಮೆಮೊರಿಯಿಂದ ಕಾರ್ಡಿನ ಮೆಮೊರಿಗೆ ಚಿತ್ರ ನಕಲಾಗುವಷ್ಟರಲ್ಲಿ ಕಾಳು ಕೆಳಗೆ ಬಿದ್ದಿರುತ್ತಿತ್ತು. ನಕಲೇ ಬೇಡ, ಪ್ರೋಗ್ರಾಮು ಬಳಸುವ ಮೆಮೊರಿಯ ವಿಳಾಸಗಳನ್ನೇ ಕಾರ್ಡಿಗೂ ಕೊಟ್ಟು ಎರಡೂ ಒಂದೇ ಜಾಗ ನೋಡುವಂತೆ ಮಾಡೋಣ ಎಂದಳು ಗೆಳತಿ. ಅದನ್ನು ಸಾಧಿಸಲು ವರ್ಷ ಹಿಡಿಯಿತು. ಮಿಲ್ಲಿನಲ್ಲಿ ಮೊದಲ ಕಪ್ಪು ಕಾಳು ಸಿಡಿದು ಬದಿಗೆ ಬಿದ್ದಾಗ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ವಾರದೊಳಗೆ ಕಂಪ್ಯೂಟರ್ ತಾನೇ ನಿಂತುಬಿಡತೊಡಗಿತು. ಕಾರಣ ತಿಳಿಯುವಷ್ಟರಲ್ಲಿ ಬೇಸಿಗೆ ಕಳೆಯಿತು. ನೋಡಿ ಮುಗಿದ ಚಿತ್ರದ ಜಾಗವನ್ನು ಪ್ರೋಗ್ರಾಮು ಬಿಟ್ಟುಕೊಡುತ್ತಿತ್ತು. ಆ ವಿಳಾಸ ಮರೆತುಬಿಡು ಎಂದು ಆಪರೇಟಿಂಗ್ ಸಿಸ್ಟಮ್ ಕಾರ್ಡಿಗೆ ಹೇಳಿ, ಜಾಗವನ್ನು ಬೇರೆ ಕೆಲಸಕ್ಕೆ ಕೊಡುತ್ತಿತ್ತು. ಮರೆತೆ ಎಂದು ಕಾರ್ಡು ಉತ್ತರಿಸುತ್ತಿತ್ತು; ಕೆಲವೊಮ್ಮೆ ಮರೆತಿರುತ್ತಿರಲಿಲ್ಲ. ಇನ್ನೊಬ್ಬರ ಜಾಗದ ಮೇಲೆ ತನ್ನದನ್ನು ಬರೆದು ಎಲ್ಲವನ್ನೂ ಕೆಡಿಸುತ್ತಿತ್ತು. ದೋಷ ಕಾರ್ಡಿನೊಳಗೇ ಇತ್ತು. ತಯಾರಕರಿಗೆ ಬರೆದರೆ, ಅದು ಹಳೆಯ ಮಾದರಿ, ಇನ್ನು ಸರಿಪಡಿಸುವುದಿಲ್ಲ ಎಂದರು. ಬೇರೆ ಕಾರ್ಡು ನಮ್ಮ ಕೈಗೆಟುಕುವಂತಿರಲಿಲ್ಲ.

ಸಾಹುಕಾರರು ಕೆಟ್ಟವರಲ್ಲ. ಅಂಗಳದಲ್ಲಿ ಸುಗ್ಗಿಯ ಭತ್ತ ರಾಶಿ ಬಿದ್ದಿತ್ತು. "ನಿಮ್ಮ ಮಿಷನ್ ನೋಡಿ ನನಗೂ ಆಸೆ ಹುಟ್ಟಿತ್ತವ್ವ. ಇನ್ನ ಕಾಯಾಕ ಆಗಂಗಿಲ್ಲ" ಎಂದು ಹೊರಗಿನಿಂದ ಸಿದ್ಧ ಯಂತ್ರ ತರಿಸಿದರು. ಅದನ್ನು ನೋಡಿಕೊಳ್ಳಲು ಯಂತ್ರದ ಕಂಪನಿಯವರದೇ ಮನುಷ್ಯ ಬಂದ. ಆರಿಸುವ ಹೆಂಗಸರಿಗೆಲ್ಲ ಕೆಲಸ ಹೋಯಿತು, ಅವ್ವನಿಗೂ.

ಗೆಳತಿ ಈಗ ಕುರೆಕುಪ್ಪದ ಹತ್ತಿರ ಉಕ್ಕಿನ ಕಾರ್ಖಾನೆಯ ಗೇಟೊಂದರಲ್ಲಿ ಲಾರಿಗಳ ಪಾಸ್ ನೋಡುತ್ತಾಳೆ. ತಾಯಿ ಮಗಳು ಅಲ್ಲೇ ಮನೆ ಮಾಡಿದ್ದಾರೆ. ಕಳೆದ ತಿಂಗಳು ಹೋಗಿದ್ದೆ. ಹೊಸ ಕಾರ್ಡುಗಳಲ್ಲಿ ಆ ದೋಷವಿಲ್ಲವಂತೆ ಎಂದು ನಾನು ಹೇಳುತ್ತಿದ್ದಂತೆ ಅವಳು ಎದ್ದು ಒಳಗೆ ಹೋದಳು. ಅವ್ವ ನನ್ನ ಪಕ್ಕಕ್ಕೆ ಬಂದು ಕುಳಿತರು.

"ಅದರ ಮಾತು ಆಕಿ ಮುಂದ ತಗೀಬ್ಯಾಡವ್ವ. ನನ್ನ ಕೆಲ್ಸ ತಾನ ಕಳದೆ ಅಂತ ತಿಳ್ಕಂಡಾಳ. ನನ್ನ ಮುಖ ನೋಡಿ ಮಾತಾಡಂಗಿಲ್ಲ ಈಗ."

ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಲೇ ಇತ್ತು. ಅವಳನ್ನು ಕರೆಯದೆ ಹೊರಟೆ.